ಪೈಪ ಹಿಡ್ಯಾಕ ನಾವೇನ ಸ್ಟ್ಯಾಂಡ್ ಏನ್ರಿ?

ಅಕ್ಕಾಗೋಳ, ವೈನಿಗೋಳ, ಇವತ್ತಿನ ಮಾತು ಅಡಗಿ ಮನಿದಲ್ಲ, ಆದ್ರ ಮನಿದ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಕಡೆ ಯಾವ ಊರಿಗೆ ಹೋದ್ರೂ ರಸ್ತಾಕ ಹತ್ತಿದ ಒಂದ ಮನಿ ಮುಂದ ಪತ್ರಾ ಶೆಡ್ ಇರತೈತಿ, ಒಳಗ ವೆಲ್ಡಿಂಗ್ ನಡದಿರತೈತಿ. ಕಬ್ಬಿನ ಹಂಗಾಮ ಹತ್ತರ ಬಂತಂದ್ರ ಟ್ರ್ಯಾಲಿ ರಿಪೇರಿ, ಉಳದ ದಿನ ಗೇಟು, ಕಿಡಕಿ ಗ್ರಿಲ್ಲು, ದನದ ಶೆಡ್ಡು. ಆ ಶೆಡ್ಡಿನ ನಡುವ ಕಬ್ಬಿಣ ಕತ್ತರಸೂ ಮಶೀನ, ಅದೂ ನೆಲದ ಮ್ಯಾಲ. ಒಂದ ಕಡೆ ಕುಕ್ಕರಗಾಲಿಲೆ ಕುಂತ ಗಂಡಸು. ಇನ್ನೊಂದ ಕಡೆ 20 ಫೂಟಿನ ಪೈಪಿನ ತುದಿ ಹಿಡಕೊಂಡ ನಿಂತ ಹೆಂಗಸು. ನಾ ಬರ್ಯಾಕತ್ತಿದ್ದು ಆ ಹೆಂಗಸಿನ ಬಗ್ಗೆ.

"ಏ, ಒಂದ ನಿಮಿಷ ಹಿಡಿ ಬಾ." ಇಂಥಾ ಮನ್ಯಾಗಿದ್ದು ಈ ಮಾತ ಕೇಳದ ಹೆಣಮಗಳ ಯಾರದಾಳ ಹೇಳ್ರಿ? ರೊಟ್ಟಿ ಹಂಚಿನ ಮ್ಯಾಲ ಇರತೈತಿ, ಕೂಸು ಅಳಾಕತ್ತಿರತೈತಿ, ಹಿಟ್ಟಿನ ಕೈಲೆ ಓಡಬೇಕು. ಒಂದ ನಿಮಿಷ ಅಂದದ್ದು ಹತ್ತ ಪೈಪ ಆಗತೈತಿ. ಇದಕ್ಕ ಪಗಾರ ಇಲ್ಲ, ಕಣ್ಣಿಗೆ ಕನ್ನಡಕ ಇಲ್ಲ, ಕೆಲಸ ಅಂತ ಹೆಸರೂ ಇಲ್ಲ. ಗಿರಾಕಿ ಬಂದ ಕೇಳಿದ್ರ "ನಾ ಒಬ್ಬನ ಮಾಡತೇನ್ರಿ" ಅಂತಾರ.

ಒಬ್ಬನ ಅಲ್ಲ. ಮಶೀನಿಗೆ ಟೇಬಲ್ ಇಲ್ಲ, ಪೈಪಿಗೆ ಎರಡೂ ಕಡೆ ಆಧಾರ ಇಲ್ಲ, ಆ ಖಾಲಿ ಜಾಗಾದಾಗ ನಮ್ಮನ್ನ ತಂದ ನಿಲ್ಲಸ್ಯಾರ.

ಇದೇನ ಸಣ್ಣ ಕೆಲಸ ಅನಬ್ಯಾಡ್ರಿ. ಆ ಮಶೀನಿನ 14 ಇಂಚಿನ ವ್ಹೀಲ್ ನಿಮಿಷಕ್ಕ 3,800ರ ಆಸುಪಾಸು ಸುತ್ತ ತಿರಗತೈತಿ. ಲೆಕ್ಕಾ ಹಾಕಿದ್ರ ಅದರ ಅಂಚು ತಾಸಿಗೆ 250 ಕಿಲೋಮೀಟರ್ ಓಡತೈತಿ. ನಿಪ್ಪಾಣಿ ಹೈವೇದಾಗ ಹೋಗೂ ಗಾಡಿಗೋಳೂ ಅಷ್ಟ ಜೋರ ಹೋಗೂದಿಲ್ಲ. ಅದು ಉಕ್ಕಿನ ಗರಗಸ ಅಲ್ಲ, ಗಟ್ಟಿ ಹರಳು ಮತ್ತ ಅಂಟು ಕೂಡಿಸಿ ಒಳಗ ಜಾಳಗಿ ಹಾಕಿ ಒತ್ತಿದ ಬಿಲ್ಲಿ. ಪೈಪ ಹಿಡದ ಕೈ ಸೋತು ಬದಲ ಮಾಡೂ ಮುಂದ ತುದಿ ಸ್ವಲ್ಪ ಮ್ಯಾಲ ಎದ್ದರೂ ಕೊರದ ಸಂದಿ ಮುಚ್ಚಕೊಂಡು ವ್ಹೀಲ್ ಒಳಗ ಸಿಗತೈತಿ. ಸಿಕ್ಕ ವ್ಹೀಲ್ ಒಡದ್ರ ಚೂರ ಎಲ್ಲಿ ಹಾರತಾವ ಯಾರೂ ಹೇಳಾಕ ಬರೂದಿಲ್ಲ. "ಮಟ್ಟಸ ಹಿಡಿ" ಅಂತ ಬೈತಾರ. ಹತ್ತ ಪೈಪಿನ ತನಕ ಕೂದಲೆಳಿಯಷ್ಟೂ ಅಲಗದಂಗ ಹಿಡ್ಯಾಕ ಮನಷ್ಯಾರ ಕೈಲೆ ಆಗೂದಿಲ್ಲ. ಕಬ್ಬಿಣದ ಕಾಲಿಗೆ ಆಗತೈತಿ.

ಇನ್ನ ಕಿಡಿ. ನಮ್ಮ ಮೈಮ್ಯಾಲ ನೈಟಿ, ಪಾಲಿಸ್ಟರ್ ಸೀರಿ. ಹತ್ತಿ ಬಟ್ಟಿ ಸುಟ್ಟ ತೂತ ಬೀಳತೈತಿ, ಇದು ಕರಗಿ ಚರ್ಮಕ್ಕ ಅಂಟತೈತಿ. ಶೆಡ್ಡಿನ ಬಾಜೂಕ ಕಣಕಿ ಬಣವಿ, ರವದಿ ಇರತಾವ. ಒಣಾ ಹಾಕಿದ ಬಿಳಿ ಬಟ್ಟಿ ಮ್ಯಾಲ ಕಬ್ಬಿಣದ ಪುಡಿ ಕುಂತು, ಮರದಿನ ಜಂಗಿನ ಚುಕ್ಕಿ ಏಳತಾವ. ತಿಕ್ಕವರ ಯಾರ?

ಫ್ಯಾಕ್ಟರಿಗೋಳಿಗೆ 2025ರ ತನಕ 1948ರ ಕಾರಖಾನೆ ಕಾಯ್ದೆ ಇತ್ತು, ತಿರಗೂ ಅಪಾಯದ ಭಾಗಕ್ಕ ಮುಚ್ಚಳ ಬೇಕಂತ ಅದರಾಗ ಬರದಿದ್ದರು. ಆದ್ರ ಕರೆಂಟಿನ ಮಶೀನ ಇದ್ದಲ್ಲಿ ಹತ್ತ ಮಂದಿ ಕೆಲಸಕ್ಕಿದ್ದರ ಆ ಕಾಯ್ದೆ ಬರತಿತ್ತು. ಗಂಡ, ಮೈದುನ, ಒಬ್ಬ ಹುಡುಗ ಇರೂ ಶೆಡ್ಡಿಗೆ ಯಾವ ಇನ್ಸ್‌ಪೆಕ್ಟರ್ ಬರತಾನ? ನಾವ ಕೇಳಬೇಕು.

ಕಣಕಿ ಕತ್ತರಸೂ ಮಶೀನ ನೋಡ್ರಿ. ನಮ್ಮ ಜಿಲ್ಲಾದ ಗುರ್ಲಹೊಸೂರಾಗ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವ್ಯಾಗ ಸೈಕಲ್ ಅಂಗಡಿ ಇಟಗೊಂಡಿದ್ದರು, ಆಮ್ಯಾಲ ಕಣಕಿ ಕತ್ತರಸೂ ಮಶೀನ, ಕಬ್ಬಿಣದ ನೇಗಿಲಾ ಮಾಡಿದ್ರು. ಅವರು 1910ರಾಗ ಕಿರ್ಲೋಸ್ಕರವಾಡಿಗೆ ಹೋಗೂಕಿಂತ ಮದಲಿನ ಮಾತಿದು. ಕಣಕಿ ಮಶೀನಿಗೆ ಕಾಲ ಇರತಾವ, ಕಣಕಿ ಇಡಾಕ ಉದ್ದನ ತೊಟ್ಟಿ ಇರತೈತಿ. ದನದ ಮೇವಿಗೆ ಇಷ್ಟ ಮರ್ಯಾದಿ ಐತಿ. ಕಬ್ಬಿಣಕ್ಕ ಯಾಕಿಲ್ಲ? ಅಡಗಿಮನ್ಯಾಗ ಗ್ಯಾಸ್ ಬಂದಾಗೂ ಹಂಗ ಆತು, ಒಲಿ ಸಿಲಿಂಡರಕ್ಕಿಂತ ಎತ್ತರ ಇರಬೇಕಂತ ಹೇಳಿದ ಕೂಡ್ಲೆ ಇವರ ಕಟ್ಟಿ ಕಟ್ಟಿ ಕೊಟ್ಟರು. ಅಂದ್ರ ಕಟ್ಟಾಕ ಬರತೈತಿ.

ನಮ್ಮನ್ಯಾಗ ನನ್ನ ಮೈದುನ ಟೇಬಲ್ ಮಾಡ್ಯಾನ, ಅದಕ್ಕ ಹೇಳತೇನಿ. ನಿಂತ ಹಿಡಿಕಿ ಒತ್ತೂವಾಗ ಪೈಪ ಮೊಣಕೈಗಿಂತ ನಾಕ ಬಟ್ಟ ಕೆಳಗ ಬರಬೇಕು. ಅಳತಿ ಟೇಬಲ್ ಹಲಗಿದಲ್ಲ, ಮಶೀನಿನಾಗ ಪೈಪ ಕುಂಡರೂ ಜಾಗಾದ್ದು. ಎಷ್ಟೋ ಮಂದಿ ಇದನ್ನ ಮರತು ಎದಿ ಎತ್ತರ ಮಾಡಿ ಬಿಡತಾರ. ಎರಡೂ ಕಡೆ ತೋಳು, ಅದರ ಮ್ಯಾಲ ಉರುಳೂ ಪೈಪಿನ ತುಂಡು. ಅವೂ ಮಶೀನೂ ಒಂದ ಮಟ್ಟ ಇರಬೇಕು. ಗೌಂಡಿಗೋಳು ನೀರಿನ ನಳಗಿ ಹಿಡದ ಲೆವಲ್ ನೋಡತಾರಲ್ಲ, ಹಂಗ ನೋಡಿದ್ರ ಸಾಕು. ಉದ್ದನ ಕಡೆಗೆ ಇನ್ನೊಂದ ಬಿಡಿ ಸ್ಟ್ಯಾಂಡ್. ಒಂದ ತೋಳಿಗೆ ಸರಿಸಿ ಬಿಗ್ಯಾಕ ಬರೂ ತಡಿ ಇದ್ದರ ಗ್ರಿಲ್ಲಿನ ನಲವತ್ತ ಕಡ್ಡಿಗೋಳನ್ನ ಟೇಪ್ ಹಿಡೀದನ ಒಂದ ಅಳತಿಲೆ ಕತ್ತರಸಬಹುದು. ಅಂವಗ ಇದ ಭಾಳ ಸೇರೇತಿ. ಹಿಂದ ತಗಡಿನ ಡಬ್ಬಿ, ಬುಡಕ್ಕ ಉಸುಕು, ಕಿಡಿ ಅಲ್ಲೇ ಸಾಯತಾವ. ಡಬ್ಬಿಗಂತ ಹಳೆ ಎಣ್ಣಿ ಬ್ಯಾರಲ್ ಮಾತ್ರ ಕತ್ತರಸಬ್ಯಾಡ್ರಿ, ಒಳಗಿನ ಹವಾ ಹೊತ್ತಿ ಸಿಡೀತೈತಿ. ಟೇಬಲ್ ಕಬ್ಬಿಣದ್ದು, ಅದಕ್ಕ ಅರ್ಥಿಂಗ್ ಬೇಕ ಬೇಕು. ಥಿನ್ನರ್, ಪೇಂಟಿನ ಡಬ್ಬಿ ಅದರ ಕೆಳಗ ಇಡಸಗೊಡಬ್ಯಾಡ್ರಿ.

ವ್ಹೀಲಿನ ನಡುವಿನ ತಗಡಿನ ಬಳಿನೂ ಒಮ್ಮಿ ನೋಡ್ರಿ, ಗುಳಗಿ ಚೀಟಿ ಮ್ಯಾಲ ಇದ್ದಂಗ ತಿಂಗಳಾ, ವರ್ಷಾ ಹೊಡದಿರತಾರ. ಮಳ್ಯಾಗ ನೆಂದದ್ದು, ಅವಧಿ ಮುಗದದ್ದು ಮನ್ಯಾಗ ಇರಬಾರದು.

ಗಂಡಸರು ಏನ ಅಂತಾರ ನನಗ ಗೊತ್ತ. ಜಾಗಾ ಇಲ್ಲ ಅಂತಾರ. ತೋಳ ಮಡಚಾಕ ಬರೂವಂಗ ಮಾಡಿ, ಕಾಲಿಗೆ ಲಾಕ್ ಇರೂ ಗಾಲಿ ಹಾಕಿದ್ರ ಗ್ವಾಡಿಗೆ ಸರಸಬಹುದು. ಮಶೀನ ಸೈಟಿಗೆ ಒಯ್ಯಬೇಕ ಅಂತಾರ. ನಾಕ ಬೋಲ್ಟು, ಬಿಚ್ಚಿ ಒಯ್ರಿ. ರೊಕ್ಕ ಇಲ್ಲ ಅಂದ್ರ ಮೂಲ್ಯಾಗ ಬಿದ್ದ ತುಂಡ ತೋರಸ್ರಿ, ಗುಜರಿಗೆ ಹಾಕೂ ಅಷ್ಟರಾಗ ಅರ್ಧಾ ಟೇಬಲ್ ಆಗತೈತಿ. "ಇಪ್ಪತ್ತ ವರ್ಷ ಹಿಂಗ ಮಾಡೇವಿ" ಅನ್ನೂದು ಎಲ್ಲಾದ್ಕಿಂತ ದೊಡ್ಡ ಮಾತು. ಆ ಇಪ್ಪತ್ತ ವರ್ಷ ರಾತ್ರಿ ಇವರ ಟೊಂಕಕ್ಕ, ಮೊಣಕಾಲಿಗೆ ಎಣ್ಣಿ ತಿಕ್ಕಿದವರನ್ನ ಕೇಳ್ರಿ. ಊರ ಮಂದಿಗೆಲ್ಲಾ ಟ್ರ್ಯಾಲಿ, ಗೇಟು ಮಾಡಿ ಕೊಡೂ ಕೈ ತನ್ನ ಮಶೀನಿಗೆ ನಾಕ ಕಾಲ ಹಚ್ಚಾಕ ಯಾಕ ಏಳೂದಿಲ್ಲಂದ್ರ, ಎರಡ ದಿನಾ ಗಿರಾಕಿ ಕೆಲಸಾ ನಿಲ್ಲತೈತಿ. ನಮ್ಮ ಕೆಲಸಾ ದಿನಾ ನಿಂತರ ಯಾರಿಗೂ ಲೆಕ್ಕಿಲ್ಲ.

ಹೆಣ್ಣಮಕ್ಕಳು ಶೆಡ್ಡಿಗೆ ಹೋಗಬಾರದು ಅಂತ ನಾ ಹೇಳಾಕತ್ತಿಲ್ಲ. ಕಲ್ಯಾಕ ಮನಸಿದ್ದಾಕಿಗೆ ಹಿಡಿಕಿನ ಕೈಯಾಗ ಕೊಡ್ರಿ, ಕನ್ನಡಕ ಕೊಡ್ರಿ, ವಾರದ ಪಗಾರ ಕೊಡ್ರಿ. ತುದಿ ಹಿಡ್ಯಾಕ ಮಾತ್ರ ಕರೀಬ್ಯಾಡ್ರಿ.

ಹಂಗಾಮ ಸುರು ಆತಂದ್ರ ಇವರಿಗೆ ತಲಿ ಕೆರಕೊಳ್ಳಾಕೂ ಪುರಸೊತ್ತ ಇರೂದಿಲ್ಲ, ಅದಕ್ಕ ದಸರಾಕಿಂತ ಮದಲ ಹೇಳ್ರಿ. ನಾನಂತೂ ನಮ್ಮ ಓಣ್ಯಾಗಿನ ಇನ್ನೆರಡ ಶೆಡ್ಡಿನವರಿಗೆ ಹೇಳಿ ಬಂದೇನಿ: ಖಂಡೆ ಪೂಜಿ ದಿನಾ ಮಶೀನ ನೆಲದ ಮ್ಯಾಲ ಇದ್ದರ, ನಿಮ್ಮ ಮನಿ ಹೆಣ್ಣಮಕ್ಕಳು ಅದಕ್ಕ ಕುಂಕುಮ ಹಚ್ಚಾಕ ಬಗ್ಗೂದಿಲ್ಲ.