ಡಬ್ಬದ ಸದ್ದು ಯಾರ ತಪ್ಪು?



ಈ ವಾರದ ಪತ್ರಗಳ ಕಟ್ಟಿನಲ್ಲಿ ಒಂದು ಪತ್ರ ನನ್ನ ಕೈ ಹಿಡಿದು ನಿಲ್ಲಿಸಿತು. ಬರೆದವನು ರಸಮಂಜರಿ ತಂಡವೊಂದರ ಡ್ರಮ್ಸ್ ಹುಡುಗ. ಹೆಸರು, ಊರು ಇಲ್ಲಿ ಬೇಡ. ಅವನ ಹೊಟ್ಟೆಪಾಡಿನ ಪ್ರಶ್ನೆ ಅದು.

“ಸಾರ್, ನಾಲ್ಕು ವರ್ಷದಿಂದ ಗಣಪತಿ ಹಬ್ಬ, ರಾಜ್ಯೋತ್ಸವ, ಜಾತ್ರೆ ಅಂತ ನುಡಿಸ್ತಾ ಇದೀನಿ. ನಮ್ಮ ಯಜಮಾನರು ಈಗ ‘ನಿನ್ನ ಡ್ರಮ್ಮು ಡಬ್ಬ ಬಡಿದ ಹಾಗೆ ಕೇಳುತ್ತೆ ಕಣಯ್ಯಾ, ಬರೋ ಸೀಸನ್‌ಗೆ ಪ್ಯಾಡ್ ಒಂದೇ ಸಾಕು’ ಅಂತಿದಾರೆ. ಸಾಲ ಮಾಡಿ ಹೊಸ ಸೆಟ್ ತಗೊಳ್ಳಲಾ?”

ತಮ್ಮಾ, ಬೇಡ! ಸಾಲದ ಮಾತು ಆಮೇಲೆ. ಮೊದಲು ನಿನ್ನ ಡ್ರಮ್ಮಿನ ಮೈ ಬಿಡು, ಮುಖ ನೋಡು. ಹೆಡ್ ಅಂತಾರಲ್ಲ, ಮೃದಂಗದವರ ಭಾಷೆಯಲ್ಲಿ ಮುಚ್ಚಿಗೆ, ಅದನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ? ನಡುವೆ ಕೋಲು ಬಿದ್ದು ಬಿದ್ದು ಗುಳಿ ಬಿದ್ದಿದ್ದರೆ, ಮೇಲಿನ ಬಿಳಿ ಲೇಪ ಹೋಗಿ ಬೋಳಾಗಿದ್ದರೆ, ಆ ಮುಚ್ಚಿಗೆಯ ಆಯಸ್ಸು ಮುಗಿದಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ನಮಗೆ ಗೊತ್ತು. ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತೆ ಸ್ವಾಮಿ!

ತಮಟೆ ಬಡಿಯುವವರನ್ನು ನೋಡಿದ್ದೀರಲ್ಲ? ಮೆರವಣಿಗೆ ಹೊರಡುವ ಮುಂಚೆ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಚರ್ಮ ತೇವ ಕುಡಿದರೆ ಸಡಿಲ, ಕಾದರೆ ಬಿಗಿ. ಪಾಶ್ಚಾತ್ಯ ಡ್ರಮ್ಸಿಗೂ ಮೊದಲು ಕರುವಿನ ಚರ್ಮವೇ ಇತ್ತು, ಅಲ್ಲೂ ಇದೇ ಗೋಳು. ಮಳೆ ಬಂದ ರಾತ್ರಿ ಡ್ರಮ್ಮರ್ ಗತಿ ದೇವರಿಗೇ ಪ್ರೀತಿ. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಹಾಳೆಯ ಮುಚ್ಚಿಗೆ ಬಂತು. ಚಿಕ್ ಎವಾನ್ಸ್ ಒಬ್ಬರು, ರೆಮೋ ಬೆಲ್ಲಿ ಇನ್ನೊಬ್ಬರು. ಬೆಲ್ಲಿ 1957ರಲ್ಲಿ ತಮ್ಮ ಹೆಸರಿನಲ್ಲೇ ಕಂಪೆನಿ ತೆರೆದರು. ಮಳೆಗೂ ಬಿಸಿಲಿಗೂ ಜಗ್ಗದ ಮುಚ್ಚಿಗೆ! 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಹೋದಾಗ ರಿಂಗೋ ಸ್ಟಾರ್‌ನನ್ನು ಟೀವಿಯಲ್ಲಿ ನೋಡಿದ ಹುಡುಗರೆಲ್ಲ ಡ್ರಮ್ಸ್ ಅಂಗಡಿಗೆ ಓಡಿದರು. ಅಷ್ಟು ಹೊತ್ತಿಗೆ ಪ್ಲಾಸ್ಟಿಕ್ ಮುಚ್ಚಿಗೆ ಗೆದ್ದಾಗಿತ್ತು.

ಈಗ ಅಂಗಡಿಗೆ ಹೋದರೆ ಗೋಡೆ ತುಂಬ ಮುಚ್ಚಿಗೆಗಳು. ಯಾವುದು ಬೇಕು ಅಂತ ಕೇಳಿದರೆ ನಮ್ಮ ಹುಡುಗ ಕಣ್ಣು ಕಣ್ಣು ಬಿಡುತ್ತಾನೆ. ಮೂರೇ ಮೂರು ಪ್ರಶ್ನೆ ನೆನಪಿಟ್ಟುಕೋ. ದಪ್ಪ ಎಷ್ಟು? ಪದರ ಎಷ್ಟು? ಮೇಲೆ ಲೇಪ ಇದೆಯೋ ಇಲ್ಲವೋ?

ದಪ್ಪವನ್ನು ಮಿಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಅಂಗುಲದ ಸಾವಿರ ಭಾಗದಲ್ಲಿ ಒಂದು ಭಾಗ ಒಂದು ಮಿಲ್. ರೆಮೋದವರ ಅಂಬಾಸಿಡರ್ ಅಂತ ಒಂದಿದೆ. ನಮ್ಮ ಕಾರಲ್ಲ ಮಾರಾಯ, ಮುಚ್ಚಿಗೆ! ಅದು ಒಂದೇ ಪದರ, 10 ಮಿಲ್. ಎವಾನ್ಸ್‌ನವರ ಜಿ-1 ಕೂಡ ಹಾಗೇ. ಒಂದೇ ಪದರ ಅಂದರೆ ಮುಟ್ಟಿದರೆ ಮಾತಾಡುತ್ತೆ. ನಾದ ಉದ್ದ, ಸಣ್ಣ ಪೆಟ್ಟೂ ಕೇಳುತ್ತೆ. ಆದರೆ ಬಲವಾಗಿ ಬಾರಿಸುವವನ ಕೈಯಲ್ಲಿ ಬೇಗ ಗುಳಿ ಬೀಳುತ್ತೆ.

ಎರಡು ಪದರದ್ದು ರೆಮೋದ ಎಂಪರರ್, ಎವಾನ್ಸ್‌ನ ಜಿ-2. ಪ್ರತಿ ಪದರ 7 ಮಿಲ್ಲಿನ ಆಸುಪಾಸು. ನಾದ ಸ್ವಲ್ಪ ಗಿಡ್ಡ, ಗಾತ್ರ ಜಾಸ್ತಿ, ಬಾಳಿಕೆಯೂ ಜಾಸ್ತಿ. ಟಾಮ್ ಮೇಲೆ ‘ಢುಂ’ ಅಂತ ತುಂಬಿ ಬರಬೇಕು ಅನ್ನುವವರಿಗೆ ಇದು.

ಪಿನ್‌ಸ್ಟ್ರೈಪ್ ಅಂತ ಇನ್ನೊಂದು. ಎರಡು ಪದರದ ನಡುವೆ ಅಂಚಿನ ಸುತ್ತ ನಾದ ತಡೆಯುವ ಅಂಟು ಪದಾರ್ಥ ಇರುತ್ತೆ. ಅಂಚಿನಿಂದ ಏಳುವ ‘ಕುಂಯ್’ ಅನ್ನೋ ಮೇಲಿನ ಸ್ವರಗಳನ್ನು ಅದು ಅಲ್ಲೇ ಹೊಸಕಿ ಹಾಕುತ್ತೆ. ಎವಾನ್ಸ್‌ನ ಹೈಡ್ರಾಲಿಕ್‌ನಲ್ಲಂತೂ ಎರಡು ಪದರದ ನಡುವೆ ಎಣ್ಣೆಯೇ ಇದೆ! ನಾದ ಇನ್ನೂ ಒಣ, ಇನ್ನೂ ಗಿಡ್ಡ.

ಇದೆಲ್ಲ ನಮಗೆ ಹೊಸದೇನಲ್ಲ. ಮೃದಂಗದ ಬಲಕ್ಕೆ ಕರಣೆ ಹಾಕೋದು, ಎಡಕ್ಕೆ ರವೆಯ ಕಣಕ ಮೆತ್ತೋದು ಯಾಕೆ? ಬೇಡದ ಸ್ವರ ಅಡಗಿ, ಬೇಕಾದ ಸ್ವರ ನಿಲ್ಲಲಿ ಅಂತ. ನಮ್ಮ ಹಿರಿಯರು ಅಳೆದು ಸುರಿದು ಮಾಡಿದ್ದನ್ನೇ ಅವರು ಎಣ್ಣೆ, ಅಂಟಿನಲ್ಲಿ ಮಾಡಿದ್ದಾರೆ. ರಿಂಗೋ ಸ್ಟಾರ್ 1969ರಲ್ಲಿ ‘ಅಬ್ಬೆ ರೋಡ್’ ಮುದ್ರಣದ ಹೊತ್ತಿಗೆ ಟಾಮ್ ಮೇಲೆ ಅಡಿಗೆಮನೆಯ ಬಟ್ಟೆ ಹೊದಿಸಿಯೇ ಬಾರಿಸಿದ. ‘ದಬ್ ದಬ್’ ಅನ್ನೋ ಆ ಒಣ ಸದ್ದು ಆಮೇಲೆ ಲೋಕಕ್ಕೇ ಬೇಕಾಯಿತು.

ಮೂರನೆಯದು ಲೇಪ. ಬಿಳಿಯ ಒರಟು ಲೇಪ ಇದ್ದರೆ ನಾದ ಬೆಚ್ಚಗೆ, ಸ್ವಲ್ಪ ಮೃದು. ಬ್ರಷ್ಷಿನಲ್ಲಿ ‘ಸರ್ ಸರ್’ ಎಳೆಯೋಕೆ ಈ ಒರಟು ಬೇಕೇ ಬೇಕು. ನುಣುಪಿನ ಮೇಲೆ ಬ್ರಷ್ ಜಾರುತ್ತೆ ಅಷ್ಟೇ, ಹಾಡೋದಿಲ್ಲ. ಗಾಜಿನ ಹಾಗೆ ಪಾರದರ್ಶಕವಾದದ್ದು ಚುರುಕು, ಕೋಲಿನ ಪೆಟ್ಟು ಖಡಕ್ಕಾಗಿ ಕೇಳುತ್ತೆ.

ಸರಿ, ನಮ್ಮ ಹುಡುಗನಿಗೆ ಯಾವುದು? ಅದು ಅವನು ನುಡಿಸೋ ಹಾಡಿನ ಮೇಲೆ. ರಸಮಂಜರಿ ವೇದಿಕೆ ಅಂದರೆ ಒಂದೇ ರಾತ್ರಿಯಲ್ಲಿ ಐವತ್ತು ವರ್ಷದ ಸಿನಿಮಾ. ಮೊದಲು ಅಣ್ಣಾವ್ರ ಬಾಂಡ್ ಚಿತ್ರಗಳ ಕ್ಲಬ್ ಹಾಡು ಕೇಳ್ತಾರೆ. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ಜಿ.ಕೆ. ವೆಂಕಟೇಶ್ ಅವರ ಸಂಗೀತ. ಆಮೇಲೆ ಶಂಕರ್‌ನಾಗ್ ಅಭಿಮಾನಿಗಳು 1981ರ ‘ಗೀತಾ’ ಹಾಡು ಬೇಕು ಅಂತ ಶಿಳ್ಳೆ ಹಾಕ್ತಾರೆ. ಅದು ಇಳಯರಾಜ ಅವರದು. ಅವರು ಹಿಂದೆ ಇದೇ ವೆಂಕಟೇಶ್ ಅವರಿಗೇ ಸಹಾಯಕರಾಗಿದ್ದವರು, ನೋಡಿ! ಕೊನೆಗೆ ಈಗಿನ ಮಾಸ್ ಹಾಡು. ಇಷ್ಟಕ್ಕೂ ಒಂದೇ ಸೆಟ್ಟು ಒಗ್ಗಬೇಕು.

ಅದಕ್ಕೆ ನನ್ನ ಲೆಕ್ಕ ಹೀಗೆ. ಸ್ನೇರ್ ಮೇಲೆ ಲೇಪ ಇರುವ ಒಂದು ಪದರದ 10 ಮಿಲ್. ಟಾಮ್‌ಗಳ ಮೇಲೆ ಎರಡು ಪದರ. ಬೇಸ್ ಡ್ರಮ್ಮಿಗೆ ಅಂಚಿನಲ್ಲೇ ನಾದ ತಡೆ ಇರುವಂಥದ್ದು. ಒಳಗೆ ದಿಂಬು, ಕಂಬಳಿ ತುರುಕೋ ಕೆಲಸ ಅರ್ಧ ತಪ್ಪುತ್ತೆ. ಮೈದಾನದಲ್ಲಿ ಮೈಕ್ ಇಟ್ಟಾಗ ಉದ್ದ ನಾದ ಎಲ್ಲ ಕಲಸುಮೇಲೋಗರ ಆಗುತ್ತೆ, ಗಿಡ್ಡ ನಾದ ಜನರ ಎದೆಗೆ ಹೊಡೆಯುತ್ತೆ.

ಎಲ್ಲಾ ಒಟ್ಟಿಗೇ ಕೊಳ್ಳೋ ದುಡ್ಡಿಲ್ಲವಾ? ಮೊದಲು ಸ್ನೇರ್ ಒಂದೇ ಬದಲಾಯಿಸು. ಹಾಡಿನ ಉದ್ದಕ್ಕೂ ಕೇಳೋದು ಅದೇ. ಆಮೇಲೆ ಟಾಮ್. ಬೇಸ್ ಡ್ರಮ್ಮಿನದು ಕೊನೆಗಾದರೂ ಸರಿ. ಹಾಸಿಗೆ ಇದ್ದಷ್ಟು ಕಾಲು ಚಾಚು. ಇಷ್ಟೂ ಸೇರಿದರೂ ಹೊಸ ಸೆಟ್ಟಿನ ಬೆಲೆಯಲ್ಲಿ ಸಣ್ಣ ಪಾಲು.

ಒಂದು ಎಚ್ಚರ. ಸ್ನೇರ್‌ನ ಕೆಳಗಡೆ, ತಂತಿಗಳು ತಾಗುತ್ತವಲ್ಲ, ಅಲ್ಲಿನ ಮುಚ್ಚಿಗೆ ಬೇರೆಯೇ ಜಾತಿ. ಸಾಮಾನ್ಯವಾಗಿ 3 ಮಿಲ್, ಹಾಳೆಯಷ್ಟು ತೆಳು. ಮೇಲಿನದನ್ನು ತಂದು ಕೆಳಗೆ ಹಾಕಿದರೆ ತಂತಿಗಳು ಮೂಕ. ಅಲ್ಲಿಗೆ ಡಬ್ಬದ ಸದ್ದು ಗ್ಯಾರಂಟಿ! ಹಾಗೇ, ಅಳತೆ ತಗೊಳ್ಳುವಾಗ ಮೇಲಿನ ಲೋಹದ ಬಳೆಯನ್ನು ಅಳೆಯಬೇಡ. ಮರದ ಮೈಯ ಅಡ್ಡಗಲವೇ ಅಳತೆ.

ಮುಚ್ಚಿಗೆ ತಂದರೆ ಮುಗಿಯಲಿಲ್ಲ, ಕೂರಿಸಬೇಕು. ಹಳೆಯದನ್ನು ತೆಗೆದಾಗ ಮರದ ಅಂಚನ್ನು ಒಣಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ನೋಡು. ಅಂಚು ಮುಕ್ಕಾಗಿದ್ದರೆ ಯಾವ ಮುಚ್ಚಿಗೆ ಹಾಕಿದರೂ ಶ್ರುತಿ ನಿಲ್ಲೋಲ್ಲ. ತಿರುಪುಗಳನ್ನು ಮೊದಲು ಬೆರಳಲ್ಲೇ ಬಿಗಿ ಮಾಡು. ಆಮೇಲೆ ಕೀಲಿಯಿಂದ ಅರ್ಧರ್ಧ ಸುತ್ತು, ಒಂದಾದ ಮೇಲೆ ಅದರ ಎದುರಿನದು. ಸಾಲಾಗಿ ಸುತ್ತಿಕೊಂಡು ಹೋದರೆ ಒಂದು ಕಡೆ ಎಳೆದು ಸೊಟ್ಟ ಕೂರುತ್ತೆ. ಪ್ರತಿ ತಿರುಪಿನ ಹತ್ತಿರ ಕೋಲಿನಿಂದ ಮೆಲ್ಲಗೆ ತಟ್ಟಿ ಕೇಳು. ಎಲ್ಲಾ ಕಡೆ ಒಂದೇ ಸ್ವರ ಬರೋವರೆಗೂ ಬಿಡಬೇಡ. ತಬಲಾದವರು ಸುತ್ತಿಗೆ ಹಿಡಿದು ಮಾಡೋದೂ ಇದನ್ನೇ ತಾನೇ?

ದಪ್ಪ ಸದ್ದು ಬೇಕು ಅಂತ ಸಡಿಲ ಬಿಡೋರು ಬಹಳ ಜನ. ಲೆಡ್ ಝೆಪ್ಪೆಲಿನ್ ತಂಡದ ಜಾನ್ ಬಾನಮ್‌ನ 1971ರ ಮುದ್ರಣಗಳನ್ನು ಕೇಳಿ. ಬೇಸ್ ಡ್ರಮ್ 26 ಅಂಗುಲ. ಹಳೇ ಮನೆಯೊಂದರ ಮೆಟ್ಟಿಲ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮೈಕ್ ಮೇಲಿನ ಮಹಡಿಯಲ್ಲಿ ಕಟ್ಟಿದ್ದರು. ಸದ್ದು ಆನೆ ನಡೆದ ಹಾಗೆ! ಆದರೆ ಅವನ ಮುಚ್ಚಿಗೆ ಸಡಿಲ ಇರಲಿಲ್ಲ, ಚೆನ್ನಾಗಿ ಬಿಗಿದು ನಾದ ಬಿಡಿಸುತ್ತಿದ್ದ. ಗಾತ್ರ ಬರೋದು ಸಡಿಲದಿಂದಲ್ಲ, ಸಮನಾದ ಬಿಗಿಯಿಂದ.

ಇನ್ನು ತಮ್ಮಾ, ಪ್ಯಾಡ್ ವಿಷಯ. ರೋಲ್ಯಾಂಡ್‌ನವರ ಆಕ್ಟಾಪ್ಯಾಡ್ 1985ರಲ್ಲಿ ಬಂತು. ಅದನ್ನು ಬೈದು ಪ್ರಯೋಜನವಿಲ್ಲ, ಅದೂ ಅನ್ನ ಹಾಕುತ್ತೆ. ನಿನ್ನ ಯಜಮಾನರಿಗೆ ಬೇಜಾರಾಗಿದ್ದು ಸದ್ದಿನ ಮೇಲೋ, ನಿನ್ನ ಸಂಬಳದ ಮೇಲೋ, ಅದು ಮೊದಲು ಗೊತ್ತಾಗಬೇಕು. ಒಬ್ಬನ ಕೂಲಿ ಉಳಿಸೋ ಲೆಕ್ಕ ಆಗಿದ್ದರೆ ಚಿನ್ನದ ಮುಚ್ಚಿಗೆ ತಂದರೂ ನಿನ್ನ ಜಾಗ ಉಳಿಯೋಲ್ಲ. ಆಗ ಸಾಲ ಮಾಡಿದ್ದರೆ ಡಬಲ್ ನಷ್ಟ. ಅದಕ್ಕೇ ಸ್ನೇರ್ ಒಂದಕ್ಕೆ ಮಾತ್ರ ದುಡ್ಡು ಹಾಕು. ತಾಲೀಮಿನ ದಿನ ಗೆಳೆಯನನ್ನು ಡ್ರಮ್ಸಿಗೆ ಕೂರಿಸಿ, ಯಜಮಾನರ ಜೊತೆ ಹಿಂದಿನ ಸಾಲಿನಲ್ಲಿ ನಿಂತು ಕೇಳು. ಸ್ಟೂಲಿನ ಮೇಲೆ ಕೇಳೋ ಸದ್ದೇ ಬೇರೆ, ಮೈದಾನದ ಕೊನೆಯಲ್ಲಿ ಕಡಲೆಕಾಯಿ ತಿನ್ನುವವನಿಗೆ ಕೇಳೋ ಸದ್ದೇ ಬೇರೆ. ಹಳೆಯದು, ಹೊಸದು ಎರಡನ್ನೂ ಕೇಳಿಸಿ, ನೇರವಾಗಿ ಕೇಳಿಬಿಡು: “ಈಗ ಹೇಳಿ ಯಜಮಾನ್ರೇ, ಡಬ್ಬವಾ?”

ಅವರು ಹೂಂ ಅಂದರೂ, ಊಹೂಂ ಅಂದರೂ ನಿನಗೆ ದಾರಿ ಗೊತ್ತಾಗುತ್ತೆ. ಕೈಯಲ್ಲಿ ವಿದ್ಯೆ ಇರುವವನಿಗೆ ಒಂದೇ ತಂಡವಾ? ಏನಾಯಿತು ಅಂತ ಒಂದು ಕಾರ್ಡ್ ಹಾಕು. ಮಿಕ್ಕ ಡ್ರಮ್ಸ್ ಹುಡುಗರೂ ಬರೆಯಿರಿ.