ಒಂದು ದೀಪ ನಾಲ್ಕಾಗಿ ಕಂಡಾಗ

ಕಳೆದ ವರ್ಷ ಆಫೀಸಿನ ಗೆಳೆಯರ ಜೊತೆ ಬೆಂಗಳೂರಿನ ಹೊರಗೆ ಒಂದು ಲೈಟ್ ಶೋಗೆ ಹೋಗಿದ್ದೆ. ಮರಕ್ಕೆಲ್ಲ ಬಣ್ಣದ ಬೆಳಕು, ನಡುವೆ ನಾವು, ಕೈಯಲ್ಲಿ ಮೊಬೈಲು. ರಾತ್ರಿ ಶಿಗ್ಲಿಗೆ ಫೋನ್ ಮಾಡಿ ಹೇಳಿದರೆ ಅವ್ವ ನಕ್ಕಳು. ‘ದೀಪಾ ನೋಡಾಕ ರೊಕ್ಕಾ ಕೊಟ್ಟೇನು? ಹಟ್ಟಿ ಹಬ್ಬಕ್ಕ ಬಾ, ಪುಕ್ಕಟೆ ತೋರಸ್ತೀನಿ.’

ಹೋದೆ. ಹಣತೆ ಹಚ್ಚುವಾಗ ಅವ್ವ ಬತ್ತಿಗಾಗಿ ತಡಕಾಡುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಎಷ್ಟು ದಿನ ಆಯ್ತು ಅಂತ ಕೇಳಿದರೆ, ‘ಒಂದು ದೀಪಾ ನಾಕಾಗಿ ಕಾಣತಾವ, ಹಬ್ಬಕ್ಕ ಚಲೋನ ಆತು’ ಅಂದಳು. ನನಗೆ ನಗು ಬರಲಿಲ್ಲ. ವಾರಕ್ಕೆರಡು ಸಲ ವಿಡಿಯೊ ಕಾಲ್ ಮಾಡ್ತಿದ್ದೆ, ಗೊತ್ತೇ ಆಗಿರಲಿಲ್ಲ.

ಆ ರಾತ್ರಿ ಪಡಸಾಲೆಯಲ್ಲಿ ಕೂತು ಬ್ರೂಸ್ ಮನ್ರೋ ಅವರ ‘ಫೀಲ್ಡ್ ಆಫ್ ಲೈಟ್’ ತೋರಿಸಿದೆ. ಪರದೆ ಮಸುಕಾಗಿ ಕಂಡಿತು ಅಂತ ಬಾಯಲ್ಲೇ ವಿವರಿಸಿದೆ. ಆಸ್ಟ್ರೇಲಿಯಾದ ಉಲುರು ಬಂಡೆಯ ಹತ್ತಿರ, ಮರುಭೂಮಿಯಲ್ಲಿ 50,000 ದೀಪದ ಕಡ್ಡಿ ನೆಟ್ಟಿದ್ದಾರೆ. ಹಗಲೆಲ್ಲ ಬಿಸಿಲಿನಿಂದ ಚಾರ್ಜ್ ಆಗಿ, ಕತ್ತಲಾದ ಮೇಲೆ ಅರಳುತ್ತವೆ. 1992ರಲ್ಲಿ ಅಲ್ಲಿ ಟೆಂಟ್ ಹಾಕಿಕೊಂಡಿದ್ದಾಗ ಹೊಳೆದ ಯೋಚನೆ; ಅಲ್ಲೇ ದೀಪ ಹತ್ತಿದ್ದು 2016ರಲ್ಲಿ. ಮಳೆ ಬರೋತನಕ ಒಣ ಮಣ್ಣಲ್ಲಿ ಮಲಗಿರುವ ಬೀಜವೇ ಅವರಿಗೆ ಸ್ಫೂರ್ತಿ. ಇಷ್ಟು ಕೇಳಿದ ಅವ್ವ, ‘ಹಂಗಾರ ಅಂವಾ ಒಕ್ಕಲತನ ಬಲ್ಲಂವ ಅದಾನ ಬಿಡು’ ಅಂದಳು.

ಹಬ್ಬ ಮುಗಿಸಿ ಬೆಂಗಳೂರಿಗೆ ಕರಕೊಂಡು ಬಂದೆ. ಪೊರೆ ತೆಗೆಸಿದ್ದಾಯಿತು. ಕಪ್ಪು ಕನ್ನಡಕದ ದಿನಗಳು ಮುಗಿದ ಮೇಲೆ, ನವೆಂಬರ್ ಕೊನೆಯ ಒಂದು ಸಂಜೆ, ಗವಿಪುರದ ಗವಿ ಗಂಗಾಧರೇಶ್ವರ ಗುಡಿಗೆ ಹೋದೆವು.

ಮಕರ ಸಂಕ್ರಾಂತಿಯ ಸಂಜೆ ಅಲ್ಲಿ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗವನ್ನು ಮುಟ್ಟುವುದು ನಿಮಗೆ ಗೊತ್ತೇ ಇದೆ. ಅವತ್ತು ಟಿವಿ ಲೈವ್, ನೂಕುನುಗ್ಗಲು. ಆದರೆ ಸೂರ್ಯ ದಕ್ಷಿಣಕ್ಕೆ ಇಳಿಯುವಾಗ ಸಾಗಿದ ದಾರಿಯಲ್ಲೇ ಡಿಸೆಂಬರ್ 21–22ರ ನಂತರ ವಾಪಸ್ ಬರುತ್ತಾನೆ. ಅಂದರೆ ಸಂಕ್ರಾಂತಿಯ ಬಿಸಿಲು ನವೆಂಬರ್ ಕೊನೆಯಲ್ಲೇ ಒಮ್ಮೆ ಒಳಗೆ ಬಂದು ಹೋಗಿರುತ್ತದೆ. ಆಗ ಗದ್ದಲ ಕಡಿಮೆ. ಆಪರೇಷನ್ ಆದ ಕಣ್ಣಿಗೆ ಅದೇ ವಾಸಿ.

ಕಾದೆವು. ಗವಿ ಮೊದಲೇ ಕತ್ತಲು. ಮೋಡ ಸರಿದಾಗ ಒಂದು ಎಳೆ ಬಿಸಿಲು ಒಳಗೆ ಬಂತು. ನಾನು ಮೊಬೈಲ್ ತೆಗೆಯಲಿಲ್ಲ. ಅವ್ವನ ಮುಖ ನೋಡ್ತಿದ್ದೆ. ಅವ್ವ ಎರಡೂ ಕೈ ಮುಗಿದು, ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು: ‘ಈಗ ಒಂದ ಕಾಣತೈತಿ ನೋಡು.’

ಟಿಕೆಟ್ ತಗೊಂಡು ಲೈಟ್ ಶೋಗೆ ಹೋಗಿ, ತಪ್ಪಿಲ್ಲ. ನಾನೂ ಮತ್ತೆ ಹೋಗ್ತೀನಿ. ಆದರೆ ಮುಂದಿನ ಸಲ ಊರಿಗೆ ಹೋದಾಗ, ಸಂಜೆ ಹೊತ್ತು ದೀಪ ಹೆಂಗ ಕಾಣತೈತಿ ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ವಿಡಿಯೊ ಕಾಲ್‌ನಲ್ಲಿ ಅದು ಗೊತ್ತಾಗುವುದಿಲ್ಲ.