ಗಾಜಿನ ಗೋಪುರ ಯಾರ ಖರ್ಚಿನಲ್ಲಿ?

ಜಿಲ್ಲೆಯ ಊರುಗಳು ಉದ್ಧಾರವಾಗಬೇಕಾದರೆ ಪೇಟೆಯ ನಡುವೆ ಗಾಜಿನ ಕಚೇರಿ ಗೋಪುರಗಳು ಏಳಬೇಕು ಎಂಬುದು ಈಗಿನ ಹೊಸ ಮಂತ್ರ. 2024ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ನೀತಿಯಲ್ಲಿ, 2029ರೊಳಗೆ ಜಾಗತಿಕ ಕಂಪನಿಗಳ 500 ಹೊಸ ಕೇಂದ್ರಗಳನ್ನು ತಂದು ಮೂರೂವರೆ ಲಕ್ಷ ಜನರಿಗೆ ಕೆಲಸ ಕೊಡಿಸುವ ಮಾತಿದೆ. ಬೆಂಗಳೂರಿನ ಆಚೆಗೂ ಅವು ಹರಡಬೇಕಂತೆ. ಕೆಲಸ ಬೇಡವೆನ್ನುವ ಮೂರ್ಖರು ನಾವಲ್ಲ. ಆದರೆ ಕೆಲಸ ಬೇರೆ, ಕಟ್ಟಡ ಬೇರೆ. ಕಟ್ಟಡ ತೋರಿಸಿ ಜಾಗ ಹೊಡೆಯುವವರಿಂದ ಲೆಕ್ಕ ಕೇಳುವುದು ನಮ್ಮ ಹಕ್ಕು.

ಲೆಕ್ಕ ದೂರದಲ್ಲಿಲ್ಲ. ಮಾಯಕೊಂಡದಲ್ಲಿ ರೈಲು ಹತ್ತಿ ದಾವಣಗೆರೆ, ಹರಿಹರ ದಾಟಿದರೆ ಅದೇ ಹಳಿ ಹುಬ್ಬಳ್ಳಿ ಮುಟ್ಟಿಸುತ್ತದೆ. ಅಲ್ಲಿ ಗೋಕುಲ ರಸ್ತೆಯಲ್ಲಿ ಇನ್ಫೋಸಿಸ್ ಕಂಪನಿಗೆ ಸರ್ಕಾರ ಜಾಗ ಕೊಟ್ಟಿತು, ಕಂಪನಿ ಮಹಲು ಕಟ್ಟಿತು. ಮಹಲು ಎದ್ದ ಮೇಲೂ ವರ್ಷಗಟ್ಟಲೆ ಕೆಲಸ ಶುರುವಾಗಲಿಲ್ಲ. ಜನ ಕೂಗಿದ ಮೇಲೆ, 2022ರ ಆಗಸ್ಟಿನಲ್ಲಿ ಬಾಗಿಲು ತೆರೆಯಿತು. 2024ರಲ್ಲಿ ಅದೇ ಕಂಪನಿ, ಹುಬ್ಬಳ್ಳಿಗೆ ಹೋಗಲೊಪ್ಪುವ ತನ್ನ ನೌಕರರಿಗೆ ದರ್ಜೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಕೊಡುವುದಾಗಿ ಸಾರಿತು! ಅದೇ ವರ್ಷ ಶಾಸಕ ಅರವಿಂದ ಬೆಲ್ಲದ ಅವರು, ಜಾಗ ಪಡೆದವರು ಕೆಲಸ ಎಲ್ಲಿ ಕೊಟ್ಟರೆಂದು ವಿಧಾನಸಭೆಯಲ್ಲಿ ಕೇಳಬೇಕಾಯಿತು. ಜಾಗ ಕೊಡುವಾಗ ಕೇಳಬೇಕಾಗಿದ್ದ ಪ್ರಶ್ನೆ ಅದು.

ಕಾಲವೂ ಬದಲಾಗಿದೆ. 2020ರ ಲಾಕ್‌ಡೌನಿನಲ್ಲಿ ಈ ಕಂಪನಿಗಳ ನೌಕರರು ತಂತಮ್ಮ ಊರಿನ ಜಗುಲಿಯ ಮೇಲೆ ಕುಳಿತೇ ಕೆಲಸ ತೂಗಿಸಿದರು. 2023ರ ಕೊನೆಯಲ್ಲಿ ಇನ್ಫೋಸಿಸ್ ಹಲವು ದರ್ಜೆಯ ನೌಕರರಿಂದ ಕೇಳಿದ್ದು ತಿಂಗಳಿಗೆ 10 ದಿನದ ಹಾಜರಿ ಮಾತ್ರ. ಲಂಡನ್ನಿನ ಎಚ್‌ಎಸ್‌ಬಿಸಿ ಬ್ಯಾಂಕು ತನ್ನ 45 ಮಹಡಿಯ ಗೋಪುರವನ್ನು ಬಿಟ್ಟು ಚಿಕ್ಕ ಕಚೇರಿಗೆ ಹೋಗುವುದಾಗಿ 2023ರಲ್ಲೇ ಪ್ರಕಟಿಸಿತು. ಬೆಂಗಳೂರಿನ ಗೋಪುರಗಳು ತುಂಬುತ್ತಿವೆಯಲ್ಲ ಎನ್ನುವಿರೋ? ಅಲ್ಲಿ ಕೆಲಸ ಮೊದಲು ಬಂತು, ಕಟ್ಟಡ ಆಮೇಲೆ. ಇಲ್ಲಿ ತೊಟ್ಟಿಲು ಕಟ್ಟಿ ಮಗುವಿಗೆ ಕಾಯಿರಿ ಎನ್ನುತ್ತಾರೆ.

ವ್ಯಾಪಾರಸ್ಥ ಬಾಂಧವರೇ, ಗೋಪುರ ಬಂದರೆ ನಿಮಗೆ ಗಿರಾಕಿ ಎಂದು ಆಸೆ ತೋರಿಸುತ್ತಾರೆ. ತಿಂಗಳಿಗೆ 10 ದಿನ ಬಂದು, ಕಾಂಪೌಂಡಿನೊಳಗಿನ ಕ್ಯಾಂಟೀನಿನಲ್ಲೇ ಉಂಡು ಹೋಗುವವನು ನಿಮ್ಮ ಅಂಗಡಿಯ ಮೆಟ್ಟಿಲು ಎಷ್ಟು ಸಲ ಹತ್ತಿಯಾನು? ಜಾಗದ ಬೆಲೆ ಏರಿದ್ದನ್ನು ಕಂಡ ನಿಮ್ಮ ಮಾಲೀಕ ಮಾತ್ರ ತಿಂಗಳು ತಪ್ಪದೆ ಹತ್ತುತ್ತಾನೆ, ಬಾಡಿಗೆ ಏರಿಸಲು.

ಗಿರಣಿಯ ಸೋದರರೇ, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1941ರಲ್ಲಿ ಹರಿಹರದಲ್ಲಿ ಹುಟ್ಟಿ ಲೇತ್ ಯಂತ್ರ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಸಹ ನಿಂತಿತು. ಯಂತ್ರ ನಿಂತರೂ ನೆಲದ ಬೆಲೆ ನಿಲ್ಲಲಿಲ್ಲ. ದುಡಿದವನ ಬೆವರಿನಿಂದ ಬೆಲೆ ಬಂದ ನೆಲದ ಮೇಲೆ ಖಾಲಿ ಗೋಪುರ ಏಳುವುದಾದರೆ ಅದನ್ನು ಪ್ರಗತಿ ಎನ್ನಲು ನಾವು ಒಪ್ಪೆವು.

ಹಾಗಾದರೆ ಮನೆಯಿಂದ ದುಡಿಯುವುದೇ ಸ್ವರ್ಗವೇ? ಅದೂ ಅಲ್ಲ. ಹರಿಹರ, ದಾವಣಗೆರೆಗಳ ಬೀಡಿ ಕಟ್ಟುವ ತಾಯಂದಿರನ್ನು ಕೇಳಿ. ಮನೆ ಅವರದು, ದೀಪ ಅವರದು, ಬೆನ್ನುನೋವು ಅವರದು. ಲಾಭ ಮಾತ್ರ ಮಾಲೀಕನದು. ಮನೆಯಲ್ಲಿ ಕುಳಿತು ದುಡಿಯುವವರೂ ಕಾರ್ಮಿಕರೇ ಎಂದು ಬರೆಯಿಸಲು 1966ರ ಬೀಡಿ ಕಾರ್ಮಿಕರ ಕಾಯ್ದೆ ಬರಬೇಕಾಯಿತು. ಕಂಪ್ಯೂಟರಿನ ಮುಂದೆ ಕುಳಿತ ನಮ್ಮ ಮಕ್ಕಳಿಗೂ ಇದೇ ನ್ಯಾಯ ಸಲ್ಲಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಸಾರ್ವಜನಿಕ ಜಾಗವನ್ನು ಮಾರಕೂಡದು, ಗುತ್ತಿಗೆಗೆ ಕೊಡಬೇಕು. ಹೇಳಿದ ದಿನಕ್ಕೆ ಹೇಳಿದಷ್ಟು ಕೆಲಸ ಬರದಿದ್ದರೆ ಹಿಂದಕ್ಕೆ ಪಡೆಯಬೇಕು. ಮುಚ್ಚಿದ ಗಿರಣಿಗಳ ನೆಲದಲ್ಲಿ ಕಾರ್ಮಿಕರ ಮನೆಗೂ ಸಂತೆಗೂ ಮೊದಲ ಪಾಲು ಇರಬೇಕು. ತಂತಿಯ ಮೇಲೆ ಬರುವ ಕೆಲಸಕ್ಕೆ ಮಾಯಕೊಂಡದಂಥ ಹೋಬಳಿಯಲ್ಲೇ ಒಂದು ಸಾದಾ ಹಜಾರ, ನಿಲ್ಲದ ವಿದ್ಯುತ್ತು, ಒಳ್ಳೆಯ ಇಂಟರ್‌ನೆಟ್ ಸಾಕು. ಮನೆಯಲ್ಲಿ ದುಡಿಯುವವನಿಗೆ ಗೊತ್ತಾದ ವೇಳೆ ಇರಬೇಕು, ಖರ್ಚನ್ನು ಮಾಲೀಕನೇ ಹೊರಬೇಕು.

ಮೊದಲು ಕೆಲಸದ ಕರಾರು ಬರಲಿ. ಗೋಪುರದ ಮಾತು ಆಮೇಲೆ.